ಎಡಕ್ಕೆ ಹೋಗಬೇಕಾದರೆ ಎಡಗೈ ದಬ್ಬಬೇಕು

ಬೆಳಿಗ್ಗೆ ಹಾಸಿಗೆಯಿಂದ ಎದ್ದು ಕೂತೆ, ಅಷ್ಟೇ. ಮನೆಯ ಸೂರು ತಿರುಗತೊಡಗಿತು. ಕಣ್ಣು ಮುಚ್ಚಿದರೆ ನಾನು ತಿರುಗುತ್ತಿದ್ದೆ, ತೆರೆದರೆ ಗೋಡೆ, ಕಪಾಟು, ಬಾಗಿಲಲ್ಲಿ ನಿಂತ ಹೆಂಡತಿ ಎಲ್ಲವೂ ತಿರುಗುತ್ತಿದ್ದವು. ಹೊಟ್ಟೆಯಲ್ಲಿದ್ದದ್ದು ಹೊರಗೆ ಬಂತು, ಆಮೇಲೆ ಇಲ್ಲದ್ದೂ ಬಂತು. ಮಂಚದ ಪಟ್ಟಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಮಲಗಿದೆ.

"ಶಾಂತಾ, ನನ್ನ ಹಿಡಕೋ, ಬೀಳಾಕತ್ತೀನಿ," ಎಂದೆ.

"ಮಲಕ್ಕೊಂಡಾವ ಎಲ್ಲಿಗಿ ಬೀಳ್ತಿ?" ಎಂದವಳು ನನ್ನ ಮುಖ ನೋಡಿದ ಕೂಡಲೇ ಮಾತು ನಿಲ್ಲಿಸಿ ಭುಜ ಹಿಡಿದಳು. ಅವಳು ಹಿಡಿದಿದ್ದಳು, ಆದರೂ ನಾನು ಬೀಳುತ್ತಲೇ ಇದ್ದೆ.

ನಾನು ದೇವದುರ್ಗ ತಾಲೂಕಿನಲ್ಲಿ ಪಶು ಪರಿವೀಕ್ಷಕ. ಕುರಿ, ದನಗಳಿಗೆ ಲಸಿಕೆ ಹಾಕುವುದು, ಗಾಯ ತೊಳೆಯುವುದು, ಹೆರಿಗೆ ಮಾಡಿಸುವುದು ನನ್ನ ಕೆಲಸ. ನಮ್ಮ ಕಡೆ ಕುರಿಗಾರರು ಒಂದೇ ಊರಲ್ಲಿ ಇರುವವರಲ್ಲ. ಗೊಬ್ಬರಕ್ಕೆಂದು ಇವತ್ತು ಒಬ್ಬರ ಹೊಲದಲ್ಲಿ ಕುರಿ ತರುಬಿ ರಾತ್ರಿ ನಿಲ್ಲಿಸಿದರೆ ನಾಳೆ ಇನ್ನೊಬ್ಬರ ಹೊಲ. ಬಿಸಿಲೇರುವ ಮುಂಚೆ, ಮಂದೆ ಮೇಯಲು ಹೊರಡುವ ಮುಂಚೆ ನಾನು ಅಲ್ಲಿರಬೇಕು. ಅಂಥ ಜಾಗಕ್ಕೆ ಬಸ್ಸು ಹೋಗುವುದಿಲ್ಲ, ಆಟೋ ಬರುವುದಿಲ್ಲ. ಬೈಕಿನ ಹಿಂದೆ ಮಂಜುಗಡ್ಡೆ ತುಂಬಿದ ಲಸಿಕೆ ಪೆಟ್ಟಿಗೆ ಕಟ್ಟಿಕೊಂಡು ಕಾಲುವೆ ದಂಡೆ, ಹಳ್ಳ, ಎರೆಹೊಲದ ದಾರಿ ಹಿಡಿದೇ ಹೋಗಬೇಕು. ಗಾಡಿ ಹೊಡೆಯುವುದರಲ್ಲಿ ನನಗೆ ಜಂಬವಿತ್ತು, ಸುಳ್ಳು ಹೇಳುವುದಿಲ್ಲ. ಗಾಡಿ ಹೊಡೆಯಲು ಬಾರದ ಪಶು ಪರಿವೀಕ್ಷಕ ನಮ್ಮ ಸೀಮೆಯಲ್ಲಿ ಇದ್ದೂ ಇಲ್ಲದ ಹಾಗೆ.

ಊರಿನ ಡಾಕ್ಟರು ಸೂಜಿ ಹಾಕಿ, ಪಿತ್ತವೋ ಬಿ.ಪಿ.ಯೋ ನೋಡೋಣ ಎಂದರು. ಮರುದಿನ ವಾಂತಿ ಕಮ್ಮಿಯಾಯಿತು. ಗೋಡೆ ಹಿಡಿದು ಬಚ್ಚಲಿಗೆ ಹೊರಟೆ. ನೇರ ಹೋಗುತ್ತಿದ್ದೇನೆಂದೇ ನನ್ನ ಲೆಕ್ಕ, ಆದರೆ ಕಾಲುಗಳು ಎಡಕ್ಕೇ ಎಳೆಯುತ್ತಿದ್ದವು. ಬಚ್ಚಲು ಬಲಕ್ಕೆ ಉಳಿಯಿತು, ನಾನು ಹೋಗಿ ಜೋಳದ ಚೀಲಕ್ಕೆ ಒರಗಿದೆ. ಪಡಸಾಲೆಯಲ್ಲಿ ಕೂತಿದ್ದ ಅಪ್ಪ ಅದನ್ನು ನೋಡಿದ. ಬೀಡಿ ಅವನ ಬೆರಳಲ್ಲೇ ಉರಿಯುತ್ತಿತ್ತು, ಸೇದಲಿಲ್ಲ.

ಅಪ್ಪ ಹುಟ್ಟು ಕುರಿಗಾರ. ಮಾತು ಕಮ್ಮಿ, ಕಣ್ಣು ಜಾಸ್ತಿ. ಮಧ್ಯಾಹ್ನ ನಾನು ಮಲಗಿದ್ದಾಗ ಬಂದು ತಲೆದಿಂಬಿನ ಹತ್ತಿರ ಕೂತ. ನನಗೆ ನಿದ್ದೆ ಹತ್ತಿದೆ ಎಂದುಕೊಂಡಿರಬೇಕು. ತಲೆಯ ಮೇಲೆ ಕೈಯಿಟ್ಟ. ಸವರುತ್ತಾನೆ ಎಂದುಕೊಂಡೆ, ಎಷ್ಟೋ ಕಾಲವಾಗಿತ್ತು ಅವನು ನನ್ನ ತಲೆ ಸವರಿ. ಅವನು ಸವರಲಿಲ್ಲ. ಹೆಬ್ಬೆರಳಿನಿಂದ ನೆತ್ತಿ ಒತ್ತಿದ. ಕಿವಿಯ ಮೇಲೆ ಒತ್ತಿದ, ಹಿಂದೆ ಒತ್ತಿದ. ಎಲ್ಲಾದರೂ ಮೆತ್ತಗಿದೆಯೇ ಎಂದು ಹುಡುಕುತ್ತಿದ್ದ.

ಅವನು ಏನು ಮಾಡುತ್ತಿದ್ದಾನೆಂದು ನನಗೆ ಗೊತ್ತಿತ್ತು, ಯಾಕೆಂದರೆ ಅದನ್ನು ನಾನೇ ಎಷ್ಟೋ ಕುರಿಗಳಿಗೆ ಮಾಡಿದ್ದೇನೆ. ಕುರಿಯ ಮಿದುಳಿನಲ್ಲಿ ನೀರುಗುಳ್ಳೆ ಬೆಳೆದರೆ ಅದು ಮಂದೆ ಬಿಟ್ಟು ಒಂದೇ ಮಗ್ಗುಲಿಗೆ ಸುತ್ತು ತಿರುಗುತ್ತದೆ. ತಿರುಗಿ ತಿರುಗಿ ಬೀಳುತ್ತದೆ. ಗುಳ್ಳೆ ಇರುವ ಕಡೆ ಬುರುಡೆ ಮೆತ್ತಗಾಗಿರುತ್ತದೆ. ಹೆಬ್ಬೆರಳು ಮೆತ್ತಗೆ ಹೋದರೆ ಕುರಿಗಾರ ಆ ಕುರಿಯನ್ನು ಇಟ್ಟುಕೊಳ್ಳುವುದಿಲ್ಲ, ಅದೇ ವಾರ ಕಟುಕರಿಗೆ ಕೊಡುತ್ತಾನೆ. ಈ ರೋಗ, ನಮ್ಮ ಮಾತಿನಲ್ಲಿ ಸುತ್ತು ಬ್ಯಾನಿ, ಹತ್ತಿದ ಕುರಿ ಬದುಕಿದ್ದನ್ನು ಅಪ್ಪ ನೋಡಿಲ್ಲ.

ಮನುಷ್ಯನ ಬುರುಡೆ ಹಾಗಲ್ಲ ಎಂದು ನಾನು ಓದಿದ್ದೇನೆ. ಆದರೆ ಮನುಷ್ಯನ ಮಿದುಳಿನಲ್ಲೂ ಗುಳ್ಳೆ ಆಗುವುದುಂಟು ಎಂದೂ ಓದಿದ್ದೇನೆ. ಅದರ ಮೂಲ ನಾಯಿಯ ಹೊಟ್ಟೆಯ ಹುಳ, ದಿನಾ ಕುರಿ, ನಾಯಿಗಳ ನಡುವೆ ಕೈ ಹಾಕುವವನು ನಾನು. ಅಪ್ಪನ ಹೆಬ್ಬೆರಳು ತೆಗೆದ ಮೇಲೆ ಅದೇ ಜಾಗಗಳಲ್ಲಿ ನಾನೂ ಒತ್ತಿ ನೋಡಿಕೊಂಡೆ. ಅಂಜಿಕೆ ಬಂದಾಗ ಓದು ಎಲ್ಲಿ ಹೋಗುತ್ತದೋ ಗೊತ್ತಿಲ್ಲ.

ರಾಯಚೂರಿಗೆ ಹೋದೆವು. ಕಾರಿನ ಹಿಂದಿನ ಸೀಟಿನಲ್ಲಿ ಶಾಂತಾಳ ತೊಡೆಯ ಮೇಲೆ ತಲೆ, ಮುಂದೆ ಅಪ್ಪ. ರಸ್ತೆ ನೇರವಿದ್ದಷ್ಟು ಹೊತ್ತು ತಡೆದುಕೊಂಡೆ, ಪ್ರತಿ ತಿರುವಿಗೂ ಪ್ಲಾಸ್ಟಿಕ್ ಚೀಲ ಹಿಡಿದೆ. ಗಬ್ಬೂರು ದಾಟುವ ಹೊತ್ತಿಗೆ ಡ್ರೈವರನೇ ಪ್ರತಿ ತಿರುವಿಗೆ ಮುಂಚೆ, "ಸಾಹೇಬ್ರ, ಬಂತ್ರಿ," ಎಂದು ಹೇಳತೊಡಗಿದ. ಆ ಉಪಕಾರ ಮರೆಯಲಾರೆ.

ಆಸ್ಪತ್ರೆಯಲ್ಲಿ ಕಾಯುವುದೇ ಒಂದು ರೋಗ. ಮೊದಲು ಒಬ್ಬ ಡಾಕ್ಟರು, ಅಲ್ಲಿಂದ ಸ್ಕ್ಯಾನಿಂಗಿಗೆ. ಗೋಡೆಗೆ ತಲೆ ಆನಿಸಿ, ಎದುರಿನ ಬಾಗಿಲ ಹಿಡಿಕೆಯೊಂದನ್ನೇ ನೋಡುತ್ತ ಕೂತಿದ್ದೆ. ಅದರಿಂದ ಕಣ್ಣು ಕಿತ್ತರೆ ಲೋಕ ಅಲ್ಲಾಡುತ್ತಿತ್ತು. ಪಕ್ಕದಲ್ಲಿ ಮೊಮ್ಮಗಳನ್ನು ಕರೆತಂದಿದ್ದ ಒಬ್ಬ ಮುದುಕಿ ಕೇಳದೆಯೇ ನನ್ನ ಕೈಯಲ್ಲಿ ಲಿಂಬೆಹಣ್ಣು ಇಟ್ಟು, "ಮೂಸು ಯಪ್ಪಾ," ಎಂದಳು. ಮೂಸಿದೆ. ಅದೊಂದು ವಾಸನೆ ಮಾತ್ರ ತಿರುಗದೆ ನಿಂತಿತ್ತು. ಆಮೇಲೆ ಆ ಗಡಗಡ ಯಂತ್ರದೊಳಗೆ ಮಲಗಿ, ಗುಳ್ಳೆ ಕಾಣದಿರಲಿ, ಕಾಣದಿರಲಿ ಎಂದು ಬೇಡಿಕೊಂಡೆ. ಯಾವ ದೇವರನ್ನೆಂದು ಗೊತ್ತಿಲ್ಲ, ಯಾರು ಬಿಡುವಿದ್ದರೋ ಅವರನ್ನು.

ಕೊನೆಗೆ ಕಿವಿ ಡಾಕ್ಟರ ಹತ್ತಿರ ಕಳಿಸಿದರು. ನಡುವಯಸ್ಸಿನ ಹೆಣ್ಣುಮಗಳು. ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, "ನನ್ನ ಮೂಗು ನೋಡ್ರಿ, ಬ್ಯಾರೆ ಏನೂ ನೋಡಬ್ಯಾಡ್ರಿ," ಎಂದು ಗಕ್ಕನೆ ಬಲಕ್ಕೆ ತಿರುಗಿಸಿದರು. ಮೂಗು ಇದ್ದಲ್ಲೇ ಇತ್ತು. ಎಡಕ್ಕೆ ತಿರುಗಿಸಿದಾಗ ಮೂಗು ಜಾರಿಹೋಯಿತು, ಕಣ್ಣು ಅದನ್ನು ಹುಡುಕಿಕೊಂಡು ಬರಬೇಕಾಯಿತು.

"ತಲಿಯೊಳಗ ಏನೂ ಇಲ್ಲ, ಸ್ಕ್ಯಾನ್ ಸಾಫ್ ಅದ. ಎಡಗಿವಿ ಒಳಗ ತೂಕ ಕಾಯೋ ನರ ಇರ್ತದ. ಅದಕ್ಕ ಬಾವು ಬಂದದ. ಅರಾಮ ಆಗ್ತೀರಿ."

ಅಪ್ಪ ಬಾಗಿಲಲ್ಲೇ ನಿಂತಿದ್ದ. "ಯವ್ವಾ, ಗುಳ್ಳಿ ಇಲ್ಲಂತಿ?"

"ಇಲ್ರೀ ಅಜ್ಜಾರ."

"ಬರೋಬರಿ ನೋಡಿಯೇನವ್ವಾ?"

"ಬರೋಬರಿ ನೋಡೀನ್ರಿ."

ಶಾಂತಾ ಅಲ್ಲೇ ಅತ್ತಳು. ನನಗೂ ಅಳು ಬಂತು. ಅಪ್ಪ ತಲೆಯಾಡಿಸಿದ, ಆದರೆ ಅವನ ಮುಖ ಸಡಿಲವಾಗಲಿಲ್ಲ. ಅವನ ಮಟ್ಟಿಗೆ ಯಂತ್ರ ನೋಡಿದ್ದು ಒಂದು ಸಲ, ಅವನು ನೋಡಿದ್ದು ಜನ್ಮಪೂರ್ತಿ.

ಮನೆಗೆ ಬಂದ ಮೇಲೆ ಪ್ರೀತಿಯ ಕಾಟ ಶುರುವಾಯಿತು. ಬಂದವರೆಲ್ಲ ಒಂದೇ ಮಾತು: ಅಲುಗಾಡಬ್ಯಾಡ, ತಲಿ ಎತ್ತಬ್ಯಾಡ, ಸುಮ್ಮ ಬಿದ್ದಿರು. ಶಾಂತಾ ನನಗೆ ಮಲಗಿದಲ್ಲೇ ಉಣಿಸಿದಳು. ಕೆಲವೇ ದಿನ ತಗೊಳ್ಳಿ ಎಂದಿದ್ದ ತಲೆಸುತ್ತಿನ ಗುಳಿಗೆಯನ್ನು ಅಂಗಡಿಯಿಂದ ತರಿಸಿ ತರಿಸಿ ನುಂಗಿದೆ. ಅಲುಗಾಡದಿದ್ದರೆ ತಿರುಗುವುದಿಲ್ಲ, ತಿರುಗದಿದ್ದರೆ ಗುಣವಾದಂತೆ ಎಂದುಕೊಂಡೆವು. ಎದ್ದರೆ ಮಾತ್ರ ಮತ್ತೆ ಜೋಳದ ಚೀಲದ ಕಡೆಗೇ ಹೋಗುತ್ತಿದ್ದೆ.

ಮತ್ತೆ ರಾಯಚೂರಿಗೆ ಹೋದಾಗ ಡಾಕ್ಟರು ಬೈದರು. "ಅಲುಗಾಡಬ್ಯಾಡಂತ ಯಾರ್ ಹೇಳ್ಯಾರ್ರಿ?"

"ಎಲ್ಲಾರೂ ಹೇಳ್ಯಾರ್ರಿ."

"ನಾ ಹೇಳೀನೇನು? ಆ ಗುಳಿಗಿ ಬಂದ್ ಮಾಡ್ರಿ. ಆ ನರ ಪೂರಾ ಮೊದಲಿನಂಗ ಆಗಲಿಕ್ಕಿಲ್ಲ. ಉಳಿದಿದ್ದರ ಕೂಡ ಬದುಕೂದನ್ನ ಮಿದುಳು ಕಲೀಬೇಕು. ತಲಿ ಅಲ್ಲಾಡಿಸಿದ್ರ ತಿರುಗ್ತದ, ತಿರುಗಲಿ. ಅದನ್ನ ತಡಕೊಂಡ್ರನ ಕಡಿಮಿ ಆಗ್ತದ."

ಮುಖದ ಮುಂದೆ ಹೆಬ್ಬೆರಳು ಹಿಡಿದು, ಅದರಿಂದ ಕಣ್ಣು ಕೀಳದೆ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಬೇಕು. ಕೇಳಲು ಮಕ್ಕಳಾಟ. ಮಾಡಿದರೆ ಬೆವರಿಳಿದು ಹೊಟ್ಟೆ ತೊಳಸುತ್ತಿತ್ತು. ನಾನು ಅಂಗಳದಲ್ಲಿ ಕೂತು ಇಲ್ಲ ಇಲ್ಲ ಎಂದು ತಲೆಯಾಡಿಸುವುದನ್ನು ನೋಡಲಾರದೆ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ. ಆದರೂ ಬಿಡಲಿಲ್ಲ. ದಿನ ಕಳೆದಂತೆ ಬಚ್ಚಲು ಬಚ್ಚಲಿದ್ದಲ್ಲಿ ಸಿಕ್ಕಿತು. ಬಜಾರಕ್ಕೆ ನಡೆದು ಹೋಗಿ ಬಂದೆ.

ನಮ್ಮ ಪಶು ದವಾಖಾನೆಯ ಮೇಲಧಿಕಾರಿ ಡಾಕ್ಟರು ಮನೆಗೇ ಬಂದರು. "ಬೀರಪ್ಪ, ರಾಯಚೂರ ಆಫೀಸಿನ್ಯಾಗ ಒಂದು ಕುರ್ಚಿ ಖಾಲಿ ಅದ. ಫ್ಯಾನ್ ತೆಳಗ ಕುಂದ್ರು. ಫೀಲ್ಡ್ ಸಾಕು." ಒಳ್ಳೆಯ ಮನಸ್ಸಿನಿಂದ ಹೇಳಿದರು. ನನಗೆ ಮಾತ್ರ ಅಪ್ಪನ ಹೆಬ್ಬೆರಳು ಒತ್ತಿದಂತಾಯಿತು. ನನ್ನನ್ನು ಮಂದೆಯಿಂದ ತೆಗೆಯುತ್ತಿದ್ದರು. ಮಳೆಗಾಲದ ಮುಂಚಿನ ಲಸಿಕೆ ಶುರುವಾಗುವ ತನಕ ಟೈಮ್ ಕೊಡ್ರಿ ಎಂದು ಬೇಡಿಕೊಂಡೆ.

ಆ ಅವಸರದಲ್ಲೇ ಒಂದು ಬೆಳಿಗ್ಗೆ, ಯಾರಿಗೂ ಹೇಳದೆ ಗಾಡಿ ತೆಗೆದು ಕಾಲುವೆ ದಂಡೆಗೆ ಹೋದೆ. ನೇರ ದಾರಿಯಲ್ಲಿ ಎಲ್ಲ ಸರಿಯಿತ್ತು. ಗಾಳಿ ಮುಖಕ್ಕೆ ಬಡಿದಾಗ ಖುಷಿಯಿಂದ ಕೂಗಿಬಿಟ್ಟೆ. ಮುಂದೆ ದಾರಿ ಎಡಕ್ಕೆ ಹೊರಳುತ್ತದೆ, ಬಲಕ್ಕೆ ಕಾಲುವೆ. ನನಗೆ ಎಡ ಎಂದರೆ ಬೀಳುವ ಕಡೆ. ಅತ್ತ ಬಾಗಲು ಮೈ ಒಪ್ಪಲಿಲ್ಲ. ತಲೆ ಎತ್ತಿ ತಿರುವು ನೋಡಿದರೆ ಕಣ್ಣು ಅಲ್ಲಾಡುತ್ತದೆಂದು ಮುಂದಿನ ಗಾಲಿಯನ್ನೇ ನೋಡಿದೆ. ಮೈ ನೆಟ್ಟಗಿಟ್ಟು, ತೋಳು ಬಿಗಿ ಹಿಡಿದು, ಹ್ಯಾಂಡಲನ್ನು ಎಡಕ್ಕೆ ಎಳೆದೆ. ಗಾಡಿ ಬಲಕ್ಕೆ ವಾಲಿತು. ಇನ್ನೂ ಎಳೆದೆ. ಇನ್ನೂ ವಾಲಿ ನೀರಿನ ಕಡೆಗೇ ಹೊರಟಿತು. ದಂಡೆಯ ಇಳಿಜಾರಿನಲ್ಲಿ ಬಳ್ಳಾರಿ ಜಾಲಿಯ ಪೊದೆ ಇಲ್ಲದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ.

ಮೈತುಂಬ ಮುಳ್ಳು. ಶಾಂತಾ ಸೂಜಿ ಹಿಡಿದು ಒಂದೊಂದಾಗಿ ತೆಗೆದಳು. ಎಲ್ಲ ತೆಗೆದ ಮೇಲೆ ಗಾಡಿಯ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡು, "ನೀ ಸತ್ತರ ನಿನ್ನ ಕುರಿ ಬಂದು ನನ್ನ ನೋಡ್ತಾವೇನು?" ಎಂದಳು. ಅಪ್ಪನಂತೂ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ. ಅವನ ಅನುಮಾನಕ್ಕೆ ಸಾಕ್ಷಿ ಸಿಕ್ಕಿತ್ತು. ನನಗೂ ಧೈರ್ಯ ಉಳಿದಿರಲಿಲ್ಲ. ಎಡಕ್ಕೆ ಎಳೆದ ಗಾಡಿ ಬಲಕ್ಕೆ ಹೋಯಿತೆಂದರೆ ಕೆಟ್ಟದ್ದು ಕಿವಿಯಲ್ಲ, ತಲೆಯೇ ಎನ್ನಿಸಿತು.

ಸುದ್ದಿ ಮಾನ್ವಿಗೆ ಮುಟ್ಟಿತು. ಅಲ್ಲಿ ಶಾಂತಾಳ ತಂಗಿ ರೇಣುಕಾ ಪೊಲೀಸ್ ಪೇದೆ. ಇಬ್ಬರೂ ನನ್ನ ಸೋದರತ್ತೆಯ ಮಕ್ಕಳೇ, ಹುಟ್ಟಿದಾಗಿನಿಂದ ನನ್ನನ್ನು ಕಾಡಿದವರೇ. ರೇಣುಕಾ ಬುಲೆಟ್ ಬೈಕ್ ಹೊಡೆಯುತ್ತಾಳೆ, ಅದಕ್ಕೆ ಇಲಾಖೆಯ ತರಬೇತಿಯೂ ಆಗಿದೆ. ಫೋನ್ ಮಾಡಿ, "ಅಕ್ಕಾ, ಮಾವನ್ನ ಬಸ್ ಹತ್ತಸು, ನಾ ನೋಡ್ಕೋತೀನಿ," ಎಂದಳು. ಸಿರವಾರದ ಮೇಲೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಮಾನ್ವಿಗೆ ಹೋದೆ.

ಭತ್ತದ ಸುಗ್ಗಿ ಮುಗಿದು ಎಪಿಎಂಸಿ ಯಾರ್ಡ್ ಖಾಲಿಯಿತ್ತು. ರೇಣುಕಾ ಒಂದು ಹಗುರ ಗಾಡಿ ತಂದು ನಿಲ್ಲಿಸಿ ಕೇಳಿದಳು.

"ಮಾವಾ, ಎಡಕ್ಕ ಹೋಗಬೇಕಂದ್ರ ಏನ್ ಮಾಡ್ತಿ?"

"ಹ್ಯಾಂಡಲ್ ಎಡಕ್ಕ ತಿರುವ್ತೀನಿ. ಕೇಳೂ ಮಾತೇನಿದು?"

"ಹಂಗ ತಿರುವಿದ್ದಕ್ಕನ ಹೋಗಿ ಜಾಲಿಗಿಡ ಅಪ್ಪಿಕೊಂಡಿ."

"ನನ್ನ ತಲಿ ಕೆಟ್ಟದವಾ, ಚ್ಯಾಷ್ಟಿ ಮಾಡಬ್ಯಾಡ."

"ತಲಿ ಕೆಟ್ಟಿಲ್ಲ. ಗಾಡಿ ಬರೋಬರಿನ ಹೋಗ್ಯಾದ." ಅವಳು ನಗುತ್ತಿರಲಿಲ್ಲ. "ಮೆಲ್ಲಕ ಹೋಗೂ ಮುಂದ ನೀ ಹೇಳಿದಂಗನ. ಜೋರ ಇದ್ದಾಗ ಉಲ್ಟಾ. ಎಡಕ್ಕ ಹೋಗಬೇಕಂದ್ರ ಎಡಗೈ ಮುಂದಕ್ಕ ದಬ್ಬಬೇಕು. ಗಾಲಿ ಜರಾ ಬಲಕ್ಕ ಸರೀತದ, ಗಾಡಿ ಎಡಕ್ಕ ಬಾಗ್ತದ. ಬಾಗಿದ ಕಡಿಗಿ ಹೋಗ್ತದ. ಇದಕ್ಕ ಕೌಂಟರ್ ಸ್ಟೀರಿಂಗ್ ಅಂತಾರ."

"ಹುಚ್ಚಿ! ನೀ ಲಂಗಾ ಹಾಕ್ಕೊಂಡು ಅಡ್ಡಾಡೂ ಮುಂದಿಂದ ಗಾಡಿ ಹೊಡಿಯಾಕತ್ತೀನಿ ನಾ. ಒಂದಿನಾನೂ ಹಂಗ ದಬ್ಬಿಲ್ಲ."

"ದಿನಾ ದಬ್ಬೀದಿ. ಕೈ ದಬ್ಬತಿತ್ತು, ನಿನಗ ಗೊತ್ತಿದ್ದಿಲ್ಲ. ಈಗ ಕೈ ಅಂಜ್ಯಾವ. ಅದಕ್ಕ ತಿಳದು ದಬ್ಬಬೇಕು."

ನಂಬಲಿಲ್ಲ. ನನ್ನ ಗಂಡಸುತನಕ್ಕೂ ಹಿರಿತನಕ್ಕೂ ಒಟ್ಟಿಗೆ ಪೆಟ್ಟು ಬಿದ್ದಿತ್ತು. ಅವಳು ವಾದ ಬೆಳೆಸದೆ ಗಾಡಿ ಹತ್ತಿ, ಯಾರ್ಡಿನ ಉದ್ದಕ್ಕೂ ಹೊಡೆದು ಬಂದು, ಬಲಗೈ ಎತ್ತಿ ಆಕ್ಸಿಲರೇಟರ್ ಬಿಟ್ಟು, ಎಡ ಅಂಗೈಯಿಂದ ಹಿಡಿಕೆಯನ್ನು ಮೆಲ್ಲಗೆ ಮುಂದೆ ಒತ್ತಿದಳು. ಗಾಡಿ ಎಡಕ್ಕೆ ಹೊರಳಿತು. ಇನ್ನೊಮ್ಮೆ ಮಾಡಿ ತೋರಿಸಿದಳು. ನಾನು ಹೆಲ್ಮೆಟ್ ಹಾಕಿಕೊಂಡೆ.

ಆಮೇಲೆ ನನ್ನ ಸರದಿ. ಮೊದಲು ಬಲಕ್ಕೆ. ಬಲಗೈ ದಬ್ಬಿದೆ, ಗಾಡಿ ಹೇಳಿದ ಮಾತು ಕೇಳಿತು. ಆಮೇಲೆ ಎಡಕ್ಕೆ. ದಬ್ಬಬೇಕು, ಗಾಡಿ ನನ್ನ ಅಂಜಿಕೆಯ ಕಡೆಗೇ ವಾಲುತ್ತದೆ. ದಬ್ಬಿದೆ, ವಾಲಿತು. ಕೂಡಲೇ ಕೈ ಬಿಗಿ ಹಿಡಿದು ನೇರ ಮಾಡಿ, ನೀರಿನ ತೊಟ್ಟಿಯ ಹತ್ತಿರ ಬ್ರೇಕ್ ಹಾಕಿ ನಿಂತೆ.

"ಗಾಲಿ ನೋಡಬ್ಯಾಡ!" ರೇಣುಕಾ ದೂರದಿಂದ ಕೂಗಿದಳು. "ತಿರುವು ಎಲ್ಲಿ ಮುಗೀತದೋ ಅಲ್ಲಿ ನೋಡು. ಕಣ್ಣು ಎಲ್ಲಿಗಿ ಹೋಗ್ತದೋ ಗಾಡಿ ಅಲ್ಲಿಗಿ."

ಅದೇ ಕಷ್ಟ. ತಲೆ ಎಡಕ್ಕೆ ಹೊರಳಿಸಿದರೆ ಒಂದು ಗಳಿಗೆ ಯಾರ್ಡಿನ ಕಂಬ, ಗೋದಾಮು ಎಲ್ಲ ನಡುಗುತ್ತಿದ್ದವು. ಅಂಗಳದಲ್ಲಿ ಹೆಬ್ಬೆರಳು ಹಿಡಿದು ಕಲಿತದ್ದನ್ನು ಇಲ್ಲಿ ಮಾಡಿದೆ. ದೂರದ ಒಂದು ಕಂಬವನ್ನು ಕಣ್ಣಲ್ಲಿ ಹಿಡಿದೆ. ಅದು ನಡುಗಿ ನಿಂತಿತು. ಎಡಗೈ ದಬ್ಬಿದೆ. ಗಾಡಿ ವಾಲಿ, ಹೊರಳಿ, ತಾನಾಗಿ ಎದ್ದಿತು. ನಾನು ಬೀಳಲಿಲ್ಲ. ಹೆಲ್ಮೆಟ್ಟಿನೊಳಗೇ ಅತ್ತೆ. ರೇಣುಕಾ ನೋಡಿಯೂ ನೋಡದವಳಂತೆ ಚಹಾ ತರಲು ಹೋದಳು.

ರಜೆ ಸಿಕ್ಕಾಗಲೆಲ್ಲ ಕಲಿಸಿದಳು. ಶಾಂತಾ ಒಮ್ಮೆ ಬಂದು ಕಟ್ಟೆಯ ಮೇಲೆ ಕೂತು ನೋಡಿದಳು. ಹೊರಡುವಾಗ ಸೆರಗಿನ ಗಂಟು ಬಿಚ್ಚಿ ಕೀಲಿ ಕೈಗಿಟ್ಟಳು. "ಬೀಳಬ್ಯಾಡ," ಎಂದಳು, ಅಷ್ಟೇ.

ಕತ್ತಲಲ್ಲಿ ನನಗೆ ಇವತ್ತಿಗೂ ಗಾಡಿ ಹೊಡೆಯಲಾಗುವುದಿಲ್ಲ, ಕಣ್ಣಿಗೆ ಆಸರೆ ಸಿಗುವುದಿಲ್ಲ. ನೆಗಡಿಯಾದ ದಿನ ಜಗತ್ತು ಮತ್ತೆ ತುಸು ಎಡಕ್ಕೆ ಜಗ್ಗುತ್ತದೆ. ಆದರೆ ಹಗಲು ನನ್ನದು. ತಲೆ ತಿರುಗಿ ಮಂಚ ಹಿಡಿದು ಮಲಗಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಇಷ್ಟು ಮಾತ್ರ ಹೇಳಬಲ್ಲೆ: ನಿಮ್ಮ ಡಾಕ್ಟರನ್ನು ಕೇಳಿ, ಆಮೇಲೆ ಏಳಿ.

ಲಸಿಕೆ ಶುರುವಾದ ವಾರ. ಜಾಲಹಳ್ಳಿಯ ಆಚೆ ಕುರಿ ತರುಬಿದ್ದ ನಮ್ಮ ಚಿಕ್ಕಪ್ಪನ ಮಂದೆಯಲ್ಲಿ ಕುರಿ ಸಾಯತೊಡಗಿವೆ ಎಂದು ಫೋನ್ ಬಂತು. ಉಳಿದವಕ್ಕೆ ಆ ಬೆಳಿಗ್ಗೆಯೇ ಲಸಿಕೆ ಹಾಕಬೇಕು. ಪೆಟ್ಟಿಗೆಗೆ ಮಂಜುಗಡ್ಡೆ ತುಂಬಿ ಗಾಡಿಯ ಮಗ್ಗುಲಿಗೆ ಬಿಗಿದೆ. ಮಾನ್ವಿಯ ಯಾರ್ಡಿನಲ್ಲಿ ಟ್ರ್ಯಾಕ್ಟರ್ ಇರಲಿಲ್ಲ, ರಸ್ತೆಗುಂಡಿ ಇರಲಿಲ್ಲ, ಈ ದಾರಿಯಲ್ಲಿ ಎರಡೂ ಇದ್ದವು. ಅಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಬಂದು ನಿಂತ. "ನಾನೂ ಬರ್ತೀನಿ. ನಡಿ."

ನಾನು ಕಾಯಿಲೆ ಬಿದ್ದಾಗಿನಿಂದ ಅವನು ನನ್ನ ಗಾಡಿ ಹತ್ತಿರಲಿಲ್ಲ. ಕೊನೆಗೂ ನಂಬಿದ ಎಂದು ನನಗೆ ಹಿಗ್ಗಾಯಿತು. ಅವನು ಹಿಂದೆ ಕೂತು ನನ್ನ ನಡುವನ್ನು ಗಟ್ಟಿಯಾಗಿ ಹಿಡಿದ.

ಹಳ್ಳದ ಸೇತುವೆಗೆ ಇಳಿಯುವಲ್ಲಿ ರಸ್ತೆ ಎಡಕ್ಕೆ ಹೊರಳುತ್ತದೆ. ಹೊರಳಿದ ಮೇಲೆ ಕಂಡಿತು: ಹುಲ್ಲು ಹೇರಿದ ಟ್ರ್ಯಾಕ್ಟರ್ ಅರ್ಧ ನನ್ನ ಹಾದಿಗೇ ಬಂದಿತ್ತು. ಬಲಕ್ಕೆ ಟ್ರ್ಯಾಕ್ಟರಿನ ಗಾಲಿ, ಎಡಕ್ಕೆ ಹುಲ್ಲಿಗೂ ರಸ್ತೆಯಂಚಿನ ಕಲ್ಲುಕಂಬಗಳಿಗೂ ನಡುವೆ ಒಂದು ಸಂದು. ತೋಳು ಬಿಗಿದವು. ಗಾಲಿ ನೋಡಬ್ಯಾಡ. ತಲೆಯನ್ನು ಎಡಕ್ಕೆ ಹೊರಳಿಸಿ ಸಂದಿನ ಆಚೆಗಿನ ರಸ್ತೆಯನ್ನು ನೋಡಿದೆ. ಸೇತುವೆ, ಕಂಬ, ಆಕಾಶ ಎಲ್ಲ ಒಮ್ಮೆ ಅಲ್ಲಾಡಿದವು. ಅವು ನಿಲ್ಲುವ ತನಕ ಕಾಯಲು ಸಮಯವಿರಲಿಲ್ಲ. ಎಡಗೈ ದಬ್ಬಿದೆ. ಗಾಡಿ ವಾಲಿತು. ಇನ್ನೂ ದಬ್ಬಿದೆ. ಹುಲ್ಲಿನ ಕಡ್ಡಿಗಳು ನನ್ನ ಬಲತೋಳನ್ನು ಉಜ್ಜಿಕೊಂಡು ಹೋದವು. ಆಮೇಲೆ ಖಾಲಿ ರಸ್ತೆ.

ಸೇತುವೆ ದಾಟಿ ನಿಲ್ಲಿಸಿದೆ. ಅಪ್ಪ ಇಳಿದು ಕಂಬಳಿಯ ಮೇಲಿನ ಹುಲ್ಲು ಕೊಡವಿಕೊಂಡ.

"ನೋಡಿದೇನು ಯಪ್ಪಾ? ಈಗರೆ ನಂಬಿಕಿ ಬಂತಿಲ್ಲ?" ನನ್ನ ದನಿಯಲ್ಲಿ ಹಳೆಯ ಜಂಬ ಬಂದಿತ್ತು.

ಅಪ್ಪ ನನ್ನ ಕಡೆ ನೋಡದೆ, ಬಂದ ದಾರಿಯನ್ನು ನೋಡುತ್ತ ಹೇಳಿದ:

"ನಂಬಿಕಿ ಇದ್ದಿದ್ರ ಯಾಕ ಬರ್ತಿದ್ದೆ ತಮ್ಮಾ? ಇವತ್ತ ನೀ ಬಿದ್ದ ಬೀಳ್ತಿ ಅಂದ್ಕೊಂಡಿದ್ದೆ. ನೀ ಒಬ್ಬನ ಬೀಳಬಾರದಂತ ಹಿಂದ ಕುಂತೀನಿ."